ಗಂಟಿಲ್ಲದ ಹೊಲಿಗೆ

ಅಂಗಡಿಯಿಂದ ತಂದ ಅಕ್ಕಿ ಚೀಲದ ಬಾಯಿ ಬಿಚ್ಚುವುದು ನಿಮಗೂ ಗೊತ್ತಿರಬೇಕು. ಹೊಲಿಗೆಯ ಒಂದು ಕೊನೆಯಲ್ಲಿ ದಾರ ನೇತಾಡುತ್ತಿರುತ್ತದೆ. ಸರಿಯಾದ ತುದಿ ಸಿಕ್ಕಿ ಒಮ್ಮೆ ಎಳೆದರೆ ಸಾಕು, ಸರ್ರನೆ ಸದ್ದು ಮಾಡುತ್ತ ಈ ಮೂಲೆಯಿಂದ ಆ ಮೂಲೆಯವರೆಗೆ ಹೊಲಿಗೆಯೆಲ್ಲ ಕಳಚಿ ಕೈಗೆ ಬರುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸಕ್ಕಾಗಿ ಮೊಮ್ಮಕ್ಕಳು ಜಗಳವಾಡುತ್ತಾರೆ. ನಾನು ಆ ಹೊತ್ತಿಗೆ ಅಡುಗೆಮನೆ ಬಿಟ್ಟು ಹೊರಗೆ ಬಂದುಬಿಡುತ್ತೇನೆ. ನಾನೇ ಚೀಲ ಬಿಚ್ಚಬೇಕಾಗಿ ಬಂದರೆ ಈಳಿಗೆಯಿಂದ ಕೊಯ್ಯುತ್ತೇನೆ, ದಾರ ಎಳೆಯುವುದಿಲ್ಲ. ಆ ಸದ್ದನ್ನು ನಾನು ಮೊದಲು ಕೇಳಿದ್ದು ಅಕ್ಕಿ ಚೀಲದಲ್ಲಲ್ಲ. ರಾಯದುರ್ಗದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಹಸಿರು ಖಣದ ಒಂದು ಕುಪ್ಪಸದ ತೋಳಿನಿಂದ. ಎಳೆದವಳು ಹೊನ್ನತ್ತೆ, ನಮ್ಮಪ್ಪನ ಅಕ್ಕ. ಅಂದಿನಿಂದ ಇಂದಿನವರೆಗೆ ಎಷ್ಟೋ ಸದ್ದುಗಳು ಮರೆತುಹೋಗಿವೆ, ನಮ್ಮವ್ವನ ದನಿಯೂ ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ. ಇದು ಮಾತ್ರ ಹೋಗಿಲ್ಲ.

ಮನೆ ಕೋಟೆ ಬೆಟ್ಟದ ಬುಡದಲ್ಲಿತ್ತು. ಮಧ್ಯಾಹ್ನವಾದರೆ ಬಂಡೆಗಳ ಕಾವು ಇಳಿದು ಬಂದು ಬೀದಿಯಲ್ಲಿ ನಿಲ್ಲುತ್ತಿತ್ತು. ಪಡಸಾಲೆಯ ಸಗಣಿ ಸಾರಿಸಿದ ನೆಲ ಮಾತ್ರ ತಣ್ಣಗಿರುತ್ತಿತ್ತು. ಆಗ ನಮ್ಮೂರು ಬಳ್ಳಾರಿ ಜಿಲ್ಲೆಯಲ್ಲಿತ್ತು, ಎಲ್ಲಕ್ಕೂ ಮೇಲೆ ಮದರಾಸು ಸರ್ಕಾರ. ಬೀದಿಯ ಜಗಳಗಳು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿದ್ದವು. ನಮ್ಮಪ್ಪ ಈರಣ್ಣ ಹೊಲಿಗೆಯವನು. ಅವನಿಗೆ ಹೊಲಿಗೆ ಕಲಿಸಿದವಳು ಹೊನ್ನತ್ತೆ. ಅವಳು ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳು ಬಂದ ಕೆಲವು ವರ್ಷಗಳಲ್ಲಿ ಅಜ್ಜ ಅಜ್ಜಿ ಇಬ್ಬರೂ ತೀರಿಕೊಂಡರು. ತೊಡೆಯ ಮೇಲೆ ತಮ್ಮನನ್ನು ಮಲಗಿಸಿಕೊಂಡು, ಅವನ ಬೆನ್ನಿನ ಮೇಲೆಯೇ ಬಟ್ಟೆ ಹರಡಿಕೊಂಡು ಹೊಲಿದು ಅವನನ್ನು ಸಾಕಿದಳೆಂದು ಬೀದಿಯವರು ಹೇಳುತ್ತಿದ್ದರು. ಅಪ್ಪನ ಬೆನ್ನಿನ ಮೇಲೆ ಸೂಜಿ ತಾಗಿದ ಗುರುತು ಇದೆಯೇ ಎಂದು ಅವನು ಸ್ನಾನ ಮಾಡುವಾಗ ನಾನು ಹುಡುಕಿದ್ದುಂಟು. ಇರಲಿಲ್ಲ. ಅಷ್ಟು ಹುಷಾರಾದ ಕೈ ಅದು.

ಆದರೆ ಆ ಕೈಗೆ ಒಂದು ತಡೆ ಇತ್ತು. ಮದುವೆಯ ಕುಪ್ಪಸವನ್ನು ತಾಳಿ ಇಲ್ಲದವಳು ಹೊಲಿಯಬಾರದು. ಊರಿನ ಮದುವೆ ಕುಪ್ಪಸಗಳೆಲ್ಲ ಬರುತ್ತಿದ್ದದ್ದು ನಮ್ಮ ಮನೆಗೆ, ಹೊಲಿಯುತ್ತಿದ್ದವಳು ಹೊನ್ನತ್ತೆಯೇ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ನಮ್ಮ ಮನೆಯಲ್ಲಿ ಒಂದು ದಾರಿ ಮಾಡಿಕೊಂಡಿದ್ದರು. ಪ್ರತಿ ಹೊಲಿಗೆಯ ಸಾಲಿನ ಮೊದಲ ಎರಡು ಬೆರಳಗಲ ಮತ್ತು ಕೊನೆಯ ಎರಡು ಬೆರಳಗಲವನ್ನು ನಮ್ಮವ್ವ ಹಾಕುತ್ತಿದ್ದಳು. ನಡುವಿನದೆಲ್ಲ ಹೊನ್ನತ್ತೆ, ಒಳಕೋಣೆಯಲ್ಲಿ ಕುಳಿತು. ಶುರು ಮಾಡಿದ್ದೂ ಮುಗಿಸಿದ್ದೂ ಮುತ್ತೈದೆ ಎಂದು ಊರು ಒಪ್ಪಿಕೊಂಡಿತ್ತು. ಇನ್ನೊಂದು ಪದ್ಧತಿಯೂ ಇತ್ತು. ಮದುವೆಯ ಕುಪ್ಪಸದ ದಾರಕ್ಕೆ ಗಂಟು ಹಾಕುವಂತಿಲ್ಲ. ಅಲ್ಲಿ ಬಿದ್ದ ಗಂಟು ಮುಂದೆ ಹೆರಿಗೆಯಲ್ಲಿ ಕಾಡುತ್ತದೆಂದು ಹಿಂದಿನವರ ನಂಬಿಕೆ. ಗಂಟಿಗೆ ಬದಲು ಹೊನ್ನತ್ತೆ ಸೂಜಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ, ಬಟ್ಟೆಯ ಎಳೆಗಳ ನಡುವೆ ಹಾವಿನಂತೆ ಆಡಿಸಿ ದಾರವನ್ನು ಅಡಗಿಸುತ್ತಿದ್ದಳು. ಅವ್ವನಿಗೂ ಅದನ್ನೇ ಕಲಿಸಿದ್ದಳು. ಆ ತುದಿ ಎಲ್ಲಿದೆಯೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ದಾರದ ರೀಲು ಸಿಗುವುದು ಕಷ್ಟವಾಯಿತು. ಅಂಥ ದಿನಗಳಲ್ಲಿ ಒಂದು ಮುಂಜಾನೆ ರೈಲಿನಲ್ಲಿ ಬಳ್ಳಾರಿಗೆ ಹೋದ ಅಪ್ಪ ಸಂಜೆ ತಲೆಯ ಮೇಲೆ ಗೋಣಿ ಸುತ್ತಿದ ಗಂಟೊಂದನ್ನು ಹೊತ್ತು ಬಂದ. ಒಳಗಿದ್ದದ್ದು ಹೊಲಿಗೆ ಮಿಷನ್. ದಂಡಿನಲ್ಲಿದ್ದ ಯಾರೋ ದೊರೆಸಾನಿ ಊರು ಬಿಡುವಾಗ ಮಾರಿದ್ದಂತೆ. ನೆಲದ ಮೇಲಿಟ್ಟು ಒಂದು ಕೈಯಿಂದ ತಿರುಗಿಸುವಂಥದು, ಬೆಕ್ಕಿನಷ್ಟು ದೊಡ್ಡದು, ಕರಿಯ ಮೈಯ ಮೇಲೆ ಬಂಗಾರದ ಬಣ್ಣದ ಬಳ್ಳಿ. ಅದರ ಎಣ್ಣೆಯ ವಾಸನೆ ಮೊದಲ ದಿನವೇ ಮನೆಯೆಲ್ಲ ಹರಡಿತು; ಅಂದಿನ ಸಾರಿನಲ್ಲೂ ಅದೇ ವಾಸನೆ ಬಂತೆಂದು ಅವ್ವ ಮುಖ ಸಿಂಡರಿಸಿದಳು. ಊರಿನ ಜವಳಿ ಅಂಗಡಿಯಲ್ಲಿ ಒಂದು ಮಿಷನ್ ಇತ್ತು. ಅದಕ್ಕೆ ಮೇಲೊಂದು ದಾರ, ಕೆಳಗಿನ ಡಬ್ಬಿಯಲ್ಲೊಂದು ದಾರ. ನಮ್ಮದಕ್ಕೆ ಕೆಳಗೆ ಏನೂ ಇರಲಿಲ್ಲ. ಅಪ್ಪನ ಹೆಮ್ಮೆಯೆಲ್ಲ ಅದರಲ್ಲೇ. “ನೋಡ್ರಿ, ಅವರದು ಎರಡು ದಾರ ತಿಂತೈತಿ. ನಮ್ಮದು ಒಂದ ಊಟದ್ದು, ಉಪವಾಸದ ಜಾತಿ!” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ರೀಲಿಗೆ ಪರದಾಡುವ ಕಾಲದಲ್ಲಿ ಅದು ದೊಡ್ಡ ಮಾತೇ. ಆ ಒಂದು ದಾರ ತನ್ನನ್ನು ತಾನೇ ಹಿಡಿದುಕೊಂಡು ಸರಪಳಿಯಂತೆ ಹೋಗುತ್ತದೆ, ಕೊನೆಯ ಕೊಂಡಿಯನ್ನು ಕಟ್ಟದಿದ್ದರೆ ಉಳಿದ ಯಾವ ಕೊಂಡಿಯೂ ನಿಲ್ಲುವುದಿಲ್ಲ ಎಂಬುದನ್ನು ಆಗ ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ಆ ಮಿಷನ್ ಹೊನ್ನತ್ತೆಯನ್ನು ಒಳಕೋಣೆಯಿಂದ ಹೊರಗೆ ತಂದಿತು. ಹೇಗೆಂದರೆ, ಅಪ್ಪನೇ ಒಂದು ದಿನ ಬೀದಿಗೆ ಕೇಳುವಂತೆ ಹೇಳಿದ: “ಹೊಲಿಯೋದು ಕೈಯಲ್ಲ, ಕಬ್ಬಿಣ. ಕಬ್ಬಿಣಕ್ಕ ತಾಳಿ ಯಾವುದು, ಕುಂಕುಮ ಯಾವುದು? ಅಕ್ಕ, ನೀ ಬಾ, ಇಲ್ಲಿ ಕೂಡು.” ಅವಳು ಬಂದು ಪಡಸಾಲೆಯಲ್ಲಿ, ಬೀದಿ ಕಾಣುವ ಕಡೆಗೆ ಮುಖ ಮಾಡಿ ಕುಳಿತಳು. ಬೆಳಕಿನಲ್ಲಿ ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಆಗ. ಗಲ್ಲದ ಮೇಲೆ ಒಂದು ಸಣ್ಣ ಹಚ್ಚೆಯ ಚುಕ್ಕೆ ಇತ್ತು. ಮೊದಲ ವಾರ ಬೀದಿಯವರು ನಿಂತು ನೋಡಿದರು, ಆಮೇಲೆ ರೂಢಿಯಾಯಿತು. ಎದುರು ಮನೆಯ ಬಸಮ್ಮ ಕಟ್ಟೆಯ ಮೇಲೆ ಕುಳಿತು ಕೆಣಕುತ್ತಿದ್ದಳು: “ಏನವ್ವಾ ಹೊನ್ನಮ್ಮ, ಇನ್ನ ಕೈಗೆ ಕೆಲಸ ಇಲ್ಲ. ರೊಟ್ಟೀನೂ ಅದರಾಗ ತಟ್ತೀಯೇನು?” ಹೊನ್ನತ್ತೆ ಹಿಡಿಕೆ ಬಿಡದೆ ಹೇಳುತ್ತಿದ್ದಳು: “ಹಿಟ್ಟು ಕಲಸ್ಕೊಂಡು ಬಾ, ನಿನ್ನ ರೊಟ್ಟಿಗೆ ಅಂಚು ಹಚ್ಚಿ ಕೊಡ್ತೀನಿ. ನಿನ್ನ ಗಂಡಗ ಗಟ್ಟಿ ಆದ್ರ ಬಿಚ್ಚಿನೂ ಕೊಡ್ತೀನಿ.” ಬೀದಿ ನಗುತ್ತಿತ್ತು. ಅವಳು ನಗುವುದನ್ನು ನೋಡಿ ಅಪ್ಪನೂ ನಗುತ್ತಿದ್ದ. ಅವನು ಆಗ ಸುಳ್ಳು ನಗುತ್ತಿದ್ದನೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಅದನ್ನು ಹೇಳಬೇಕು. ಆ ಮಳೆಗಾಲ, ಆ ಚಳಿಗಾಲ ನಮ್ಮ ಮನೆಯಲ್ಲಿ ಸುಖವಿತ್ತು. ದಿನಬಳಕೆಯ ಕುಪ್ಪಸ, ಅಂಗಿ, ಲಂಗ ಎಲ್ಲವನ್ನೂ ಹೊನ್ನತ್ತೆ ಮಿಷನ್ನಿನಲ್ಲಿ ಹೊಲಿದಳು, ಪ್ರತಿ ಹೊಲಿಗೆಯ ಕೊನೆಯಲ್ಲಿ ಗಂಟು ಹಾಕಿದಳು. ಒಂದೂ ಬಿಚ್ಚಲಿಲ್ಲ.

ಚಳಿ ಕಳೆದ ಮೇಲೆ ಮಡಕಶಿರದಿಂದ ರುದ್ರಮ್ಮ ಬಂದಳು. ಅವಳು ನಮ್ಮ ಬೀದಿಯ ಮಗಳೇ, ಹೊನ್ನತ್ತೆಯ ಜೊತೆ ಕುಂಟೆಬಿಲ್ಲೆ ಆಡಿದವಳು. ಮದುವೆಯಾಗಿ ಆ ಊರಿನ ಎಲೆ ತೋಟದವರ ಮನೆ ಸೇರಿದ್ದಳು. ಈಗ ಅವಳ ಮಗಳ ಮದುವೆ. ಧಾರೆಯ ಕುಪ್ಪಸ ತಾಯಿಯ ತವರಿನಿಂದ ಹೋಗಬೇಕು. ಹಸಿರು ಖಣ ಕೊಟ್ಟು, ಬೇಗ ಬೇಕೆಂದಳು. ಆ ದಿನ ಹೊನ್ನತ್ತೆ ಊರಲ್ಲಿರಲಿಲ್ಲ. ಗುಮ್ಮಘಟ್ಟದಲ್ಲಿ ಅವಳ ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಹೋಗಿದ್ದಳು. ಆ ದಿನದ್ದನ್ನು ನಾನು ಕಂಡಷ್ಟು ಮಾತ್ರ ಹೇಳುತ್ತೇನೆ. ಊಟವಾದ ಮೇಲೆ ಅಪ್ಪ ಮಿಷನ್ನಿನ ಮುಂದೆ ಕುಳಿತ. ಖಣದ ಅಂಚನ್ನು ನೆಲಕ್ಕೆ ತಾಗದಂತೆ ಹಿಡಿದುಕೊಳ್ಳಲು ನನಗೆ ಹೇಳಿದ. ಹೊಸ ಖಣದ ಗಂಜಿಯ ವಾಸನೆ, ಎಣ್ಣೆಯ ವಾಸನೆ, ಅಪ್ಪನ ಬೀಡಿಯ ವಾಸನೆ. ತೋಳುಗಳನ್ನೂ ಬೆನ್ನನ್ನೂ ಅವನೊಬ್ಬನೇ ಹೊಲಿದ. ಮೊದಲ ಸಾಲು ಮುಗಿದಾಗ ದಾರ ಕತ್ತರಿಸಿ, ರೂಢಿಯಂತೆ ಗಂಟು ಹಾಕಲು ಬೆರಳು ಮಡಿಸಿದ. ಒಳಗಿನಿಂದ ಅವ್ವ, “ಅಯ್ಯ, ಗಂಟು ಹಾಕಬ್ಯಾಡ್ರಿ! ಧಾರಿ ಕುಪ್ಪಸ ಐತಿ!” ಎಂದು ಕೂಗಿದಳು. ಅಪ್ಪ ನಾಲಗೆ ಕಚ್ಚಿಕೊಂಡು ಬೆರಳು ಬಿಟ್ಟ. ಎಲ್ಲ ಸಾಲುಗಳಲ್ಲೂ ದಾರದ ತುದಿ ಹಾಗೆಯೇ ಉಳಿಯಿತು. ಹಿಂದಕ್ಕೆ ತಿರುಗಿಸಿ ಅಡಗಿಸಲು ಅಲ್ಲಿ ಸೂಜಿ ಹಿಡಿದ ಕೈ ಇರಲಿಲ್ಲ; ಕಬ್ಬಿಣದ ಹೊಲಿಗೆಗೂ ಅದು ಬೇಕೆಂದು ಒಲೆಯ ಮುಂದಿದ್ದ ಅವ್ವನಿಗೆ ಹೊಳೆಯಲಿಲ್ಲ. ಯಾರೂ ತಪ್ಪು ಮಾಡಬೇಕೆಂದು ಮಾಡಲಿಲ್ಲ. ಅಲ್ಲಿಯವರೆಗೆ ಯಾರದೂ ತಪ್ಪಿಲ್ಲ. ಹೊನ್ನತ್ತೆ ಮರಳಿ ಬಂದಾಗ ಕುಪ್ಪಸ ಮಡಕಶಿರಕ್ಕೆ ಹೋಗಿಯಾಗಿತ್ತು.

ಮದುವೆ ಕಳೆದು ಕೆಲವು ದಿನಗಳಾದ ಮೇಲೆ ರುದ್ರಮ್ಮ ಮತ್ತೆ ಬಂದಳು. ಜೊತೆಗೆ ಅವಳ ಅತ್ತೆ, ಮದುಮಗಳ ಅಜ್ಜಿ. ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಬಸ್ಸಿನ ಹೊಗೆ ಹತ್ತಿ ಇಬ್ಬರ ಮುಖವೂ ಕಪ್ಪಿಟ್ಟಿತ್ತು. ಕೊಟ್ಟ ನೀರನ್ನೂ ಅಜ್ಜಿ ಮುಟ್ಟಲಿಲ್ಲ. ಮಡಿಲಿನಿಂದ ಹಸಿರು ಕುಪ್ಪಸವನ್ನು ತೆಗೆದು ಮಿಷನ್ನಿನ ಮುಂದೆ ಹಾಕಿದಳು. ಒಂದು ತೋಳು ಕಂಕುಳಿನಿಂದ ಮೊಣಕೈವರೆಗೆ ಬಾಯಿ ಬಿಟ್ಟಿತ್ತು, ಬೆನ್ನಿನ ಸಾಲು ಪೂರ್ತಿ ಬಿಚ್ಚಿತ್ತು. ಹಸೆಮಣೆಯ ಮೇಲೆ ಸೆರಗು ಸರಿಮಾಡುತ್ತಿದ್ದವರಾರೋ ತೋಳಿನಲ್ಲೊಂದು ದಾರ, ಬೆನ್ನಲ್ಲೊಂದು ದಾರ ನೇತಾಡುವುದನ್ನು ಕಂಡು, ಹರಿದು ಹಾಕೋಣವೆಂದು ಎರಡನ್ನೂ ಒಟ್ಟಿಗೆ ಹಿಡಿದು ಎಳೆದರಂತೆ. ಹರಿಯುವ ಬದಲು ದಾರ ಬಂತು, ಬರುತ್ತಲೇ ಹೋಯಿತು. ತುಂಬಿದ ಚಪ್ಪರದಲ್ಲಿ ಹುಡುಗಿ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ಕುಳಿತಳು. ಮುಹೂರ್ತ ದಾಟಿತು.

“ಅಲ್ಲ ಕಣಪ್ಪಾ, ಬಟ್ಟೆ ಹರ್ದಿದ್ರೆ ಹರ್ದದೆ ಅಂತ ಸುಮ್ನಾಗ್ತಿದ್ವಿ,” ಎಂದಳು ಅಜ್ಜಿ. “ಬಟ್ಟೆ ನೆಟ್ಟಗೈತೆ, ಹೊಲಿಗೆನೇ ಮಾಯ. ಇದು ಶಕುನ ಅಲ್ದೆ ಇನ್ನೇನಪ್ಪಾ? ಗಂಡಿನೋರು ಹುಡ್ಗೀನ ಕರ್ಕಂಡೋಗಾಕಿಲ್ಲ ಅಂತಾವ್ರೆ.” ಅವಳ ಕಣ್ಣು ಮಿಷನ್ನಿನ ಮೇಲಿಂದ ಅದರ ಹಿಡಿಕೆಯ ಮೇಲಿದ್ದ ಕೈಗೆ, ಕೈಯಿಂದ ಹೊನ್ನತ್ತೆಯ ಬರಿಯ ಹಣೆಗೆ ಹೋಯಿತು. “ಈ ಯಮ್ಮ ಏನಾರ ಕೈ ಹಾಕಿತ್ತಾ?”

ರುದ್ರಮ್ಮ ಅಪ್ಪನ ಕಡೆ ನೋಡಿ, “ಈರಣ್ಣಾ, ಯಾರ ಕೈ ಅಂತ ಹೇಳಿಬಿಡಪ್ಪಾ. ಇಂಥಾ ಕೈ ಅಂತ ಗೊತ್ತಾದ್ರ ಅದಕ್ಕೊಂದು ಶಾಂತಿ ಮಾಡಿಸಿ ಹುಡುಗೀನ ಮನಿ ತುಂಬಿಸ್ಕೊಳ್ತಾರಂತ,” ಎಂದು ಅತ್ತಳು.

ಕಟ್ಟೆಯ ಮೇಲೆ ಬಟ್ಟೆ ಹೊಲಿಸಲು ಬಂದ ಮೂರು ನಾಲ್ಕು ಜನ ಇದ್ದರು. ಗೋಡೆಯ ಗೂಟಗಳ ತುಂಬ ಹೊಲಿದು ತೂಗುಹಾಕಿದ ಕುಪ್ಪಸಗಳು. ಅಪ್ಪ ಅವುಗಳ ಕಡೆ ಒಮ್ಮೆ ನೋಡಿದ. ಮಿಷನ್ನಿನ ಹೊಲಿಗೆ ನಿಲ್ಲುವುದಿಲ್ಲ ಎಂಬ ಮಾತು ಈ ಕಟ್ಟೆಯಿಂದ ಇಳಿದು ಬೀದಿಗೆ ಹೋದರೆ ಅವೆಲ್ಲ ಗೂಟದಲ್ಲೇ ಉಳಿಯುತ್ತವೆ, ಕೊಟ್ಟವೂ ಸಂಜೆಯೊಳಗೆ ಅವನ ಮುಂದೆ ಬಂದು ಬೀಳುತ್ತವೆ ಎಂದು ಅವನು ಎಣಿಸಿರಬೇಕು. ಇದು ನನ್ನ ಊಹೆ. ಅವನು ಹೇಳಿದ ಮಾತು ಊಹೆಯಲ್ಲ. “ನಮ್ಮಕ್ಕನ ಕೈ ಬಿದ್ದಿರಬೇಕ್ರಿ,” ಎಂದ. “ನಾ ಮನ್ಯಾಗ ಇಲ್ಲದಾಗ. ಮಿಷನ್ನಿಂದೇನೂ ತಪ್ಪಿಲ್ರಿ.”

ಹೊನ್ನತ್ತೆ ಬಂದವರ ಕಡೆ ನೋಡಲಿಲ್ಲ. ಅಪ್ಪನನ್ನು ನೋಡಿದಳು. ಅವನು ಇನ್ನೇನೋ ಹೇಳುತ್ತಾನೆ, ಮಾತು ಇನ್ನೂ ಮುಗಿದಿಲ್ಲ ಎಂಬಂತೆ ಕಾದಳು. ನಾನು, “ಅಪ್ಪಾ, ಅತ್ತಿ ಗುಮ್ಮಘಟ್ಟಕ್ಕ ಹೋಗಿದ್ಲಲ್ಲ? ನೀನ ಅಲ್ಲೇನು ಹೊಲದಿದ್ದು? ನಾ ಖಣದ ಅಂಚು ಹಿಡ್ಕೊಂಡಿದ್ದೆ...” ಎಂದೆ. ಅಷ್ಟೇ ಹೇಳಿದ್ದು. ಹಿಂದಿನಿಂದ ಅವ್ವನ ಕೈ ಬಂದು ನನ್ನ ಬಾಯಿ ಮುಚ್ಚಿತು. ಆ ಕೈಯಿಂದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಅಪ್ಪ ನನ್ನ ಕಡೆ ತಿರುಗದೆಯೇ, “ಅದು ಹುಡುಗಿ ರೀ. ಅದಕ್ಕೇನು ತಿಳೀತೈತಿ, ಯಾವುದೋ ದಿನದ್ದು ಯಾವುದಕ್ಕೋ ಹಚ್ತೈತಿ,” ಎಂದ. ಕಟ್ಟೆಯ ಮೇಲಿದ್ದವರು ತಲೆಯಾಡಿಸಿದರು. ನನ್ನ ಕಣ್ಣೆದುರೇ ನಡೆದದ್ದನ್ನು ನಡೆದೇ ಇಲ್ಲವೆಂದು ಅಪ್ಪನ ಬಾಯಿಂದ ಕೇಳಿದ ಮೇಲೆ, ಎಷ್ಟೋ ವರ್ಷ ನಾನು ಕಂಡದ್ದನ್ನೆಲ್ಲ ಎರಡೆರಡು ಸಲ ಮುಟ್ಟಿ ನೋಡುವವಳಾದೆ. ಬಾಗಿಲಿಗೆ ಅಗುಳಿ ಹಾಕಿ ಮತ್ತೆ ಹೋಗಿ ನೋಡುತ್ತಿದ್ದೆ. ಇಂದಿಗೂ ನೋಡುತ್ತೇನೆ.

ಅವರು ಕುಪ್ಪಸವನ್ನು ಅಲ್ಲೇ ಬಿಟ್ಟು ಹೋದರು. ಹುಡುಗಿಯನ್ನು ಗಂಡನ ಮನೆಯವರು ಕರೆದುಕೊಂಡು ಹೋದರೆಂದು ಆಮೇಲೆ ಸುದ್ದಿ ಬಂತು; ಅದು ಒಳ್ಳೆಯದಾಯಿತು. ಕಟ್ಟೆ ಖಾಲಿಯಾದ ಮೇಲೆ ಹೊನ್ನತ್ತೆ ಕುಪ್ಪಸವನ್ನು ತೊಡೆಯ ಮೇಲೆ ಎಳೆದುಕೊಂಡಳು. ಇನ್ನೊಂದು ತೋಳು ಹೊಲಿದಂತೆಯೇ ಇತ್ತು. ಅದರ ಸಾಲನ್ನು ಬೆರಳಿನಿಂದ ಸವರುತ್ತ ಕೊನೆಗೆ ಹೋದಳು, ಬಾಗಿ ನೋಡಿದಳು, ದಾರದ ತುದಿಯನ್ನು ಹಿಡಿದು ಮೆಲ್ಲಗೆ ಎಳೆದಳು. ಆಗ ಬಂತು ಆ ಸದ್ದು. ಅವಳು ನಿಲ್ಲಿಸಲಿಲ್ಲ. ತೋಳು ಪೂರ್ತಿ ತೆರೆದುಕೊಂಡಿತು, ಖಣದ ಮೇಲೆ ಸಣ್ಣ ತೂತುಗಳ ಸಾಲು ಮಾತ್ರ ಉಳಿಯಿತು. ಆ ದಾರವನ್ನು ತನ್ನ ಬೆರಳಿಗೆ ಸುತ್ತಿ, ಉಂಗುರದಂತೆ ಕಳಚಿ, ಅಪ್ಪನ ಅಂಗೈಯಲ್ಲಿಟ್ಟಳು.

“ಈರಾ, ಇದು ನನ್ನ ಕೈಯಂತೇನಪ್ಪಾ?”

ಅಪ್ಪ ದಾರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. “ಮಂದಿ ಮುಂದ ಆಡಿದ ಮಾತು ಆಡಿ ಆತಕ್ಕ. ಈಗ ನಾ ಏನು ಮಾಡ್ಲಿ? ನಾಕು ದಿನ ನೀ ಒಳಗ ಕೂಡು. ಮಂದಿ ಮರೀತಾರ.”

“ಮಂದಿ ಮರೀಲಿ ಬಿಡು,” ಎಂದಳು ಹೊನ್ನತ್ತೆ. ಎದ್ದು ಒಳಗೆ ಹೋದಳು. ಮಿಷನ್ನಿನ ಮುಂದಿದ್ದ ಅವಳ ಮಣೆ ಹಾಗೆಯೇ ಉಳಿಯಿತು. ಸಂಜೆ ಅವ್ವ ಅದನ್ನು ತೆಗೆದು ಗೋಡೆಗೆ ಒರಗಿಸಿದಳು.

ಅವಳು ಒಳಗೆ ನಾಲ್ಕು ದಿನ ಕೂರಲಿಲ್ಲ. ಮಡಕಶಿರದಾಚೆಯ ರತ್ನಗಿರಿಯಲ್ಲಿ ಅವಳ ತಾಯಿಯ ಕಡೆಯ ದೂರದ ನೆಂಟರಿದ್ದರು, ಕೋಟೆಯ ಕೆಳಗೆ ಸಣ್ಣ ಮನೆ. ಅಲ್ಲಿಗೆ ಹೊರಟಳು. ಯಾರೂ ಹೋಗೆಂದು ಹೇಳಲಿಲ್ಲ, ಯಾರೂ ಬೇಡವೆಂದೂ ಹೇಳಲಿಲ್ಲ. ಸೂಜಿಗಳ ತಗಡಿನ ಡಬ್ಬಿ, ಎರಡು ಸೀರೆ, ಅಷ್ಟೇ ಅವಳ ಗಂಟು. ಬಸ್ಸಿನ ಹಿಂದಿನ ಒಲೆಗೆ ಇದ್ದಿಲು ತುಂಬಿ ಗಾಳಿ ಹಾಕುತ್ತಿದ್ದರು, ಬಸ್ಸು ಹೊರಡಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಅಪ್ಪ ಏನಾದರೂ ಹೇಳಬಹುದಿತ್ತು. ಅವನು ಬಸ್ಸಿನ ಚಕ್ರವನ್ನು ನೋಡುತ್ತ ನಿಂತಿದ್ದ. ಹೊನ್ನತ್ತೆ ಕಿಟಕಿಯಿಂದ ನನ್ನ ತಲೆ ಸವರಿ, “ಗೌರವ್ವಾ, ನೀ ಕಂಡಿದ್ದು ಖರೇ ಐತಿ,” ಎಂದಳು. ಅಪ್ಪನಿಗೂ ಕೇಳಿಸಿತು.

ಆಮೇಲಿನದು ಏಳಿಗೆಯ ಕಥೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಯುದ್ಧ ಮುಗಿಯಿತು. ಅಪ್ಪ ಆ ಸಣ್ಣ ಮಿಷನ್ ಮಾರಿ ಎರಡು ದಾರದ ದೊಡ್ಡದು ತಂದ, ಆಮೇಲೆ ಇನ್ನೊಂದು. ನಮ್ಮ ಪಡಸಾಲೆಯಲ್ಲಿ ಬೇರೆಯವರ ಮಕ್ಕಳು ಕುಳಿತು ಕಾಲಿನಲ್ಲಿ ತುಳಿದು ಹೊಲಿದರು. ಮದರಾಸು ಹೋಗಿ ಆಂಧ್ರವಾಯಿತು, ನಮ್ಮೂರು ಬಳ್ಳಾರಿಯನ್ನು ಬಿಟ್ಟು ಅನಂತಪುರ ಸೇರಿತು. ಅಪ್ಪನಿಗೆ ಒಂದು ಅಭ್ಯಾಸ ಹತ್ತಿತ್ತು: ಯಾರು ಹೊಲಿದದ್ದಾದರೂ ಸರಿ, ಗಿರಾಕಿಗೆ ಕೊಡುವ ಮೊದಲು ಪ್ರತಿ ಸಾಲಿನ ಕೊನೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ನೋಡುತ್ತಿದ್ದ. ಈರಣ್ಣನ ಕೆಲಸ ಅಂದರೆ ಎಷ್ಟು ಚೊಕ್ಕ ಎಂದು ಊರು ಹೊಗಳುತ್ತಿತ್ತು. ಅವನು ಕಣ್ಣು ಮಂಜಾಗುವವರೆಗೂ ಹಾಗೆ ಎಳೆದ. ಹೊನ್ನತ್ತೆಯ ಹೆಸರನ್ನು ಮಾತ್ರ ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ನನ್ನನ್ನು ಪ್ರೀತಿಯಿಂದಲೇ ಸಾಕಿದ. ಅದೇ ನನಗೆ ಹೆಚ್ಚು ನೋವು. ಕೆಟ್ಟ ಅಪ್ಪನಾಗಿದ್ದರೆ ಮರೆತುಬಿಡುತ್ತಿದ್ದೆ. ಈಗ ಆ ಬೀದಿಗೆ ಹೋದರೆ ಮನೆಯ ಜಾಗವೇ ಗುರುತು ಸಿಗುವುದಿಲ್ಲ. ಪ್ರತಿ ಬಾಗಿಲಿನಿಂದ ಕರೆಂಟಿನ ಮಿಷನ್ನುಗಳ ಸದ್ದು, ಹೊರಗೆ ಬೆಟ್ಟದಂತೆ ಜೀನ್ಸ್ ಪ್ಯಾಂಟುಗಳು. ಹೆಂಗಸರೇ ಸಾಲಾಗಿ ಕುಳಿತು ಹೊಲಿಯುತ್ತಾರೆ. ಯಾರ ಹಣೆಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಅಪ್ಪ ಅಂದು ಬೀದಿಗೆ ಕೇಳುವಂತೆ ಹೇಳಿದ ಮಾತು ಹೀಗೆ ನಿಜವಾಗಿದೆ. ಅದನ್ನು ನಂಬಿ ಮೊದಲು ಹೊರಗೆ ಬಂದು ಕುಳಿತವಳೊಬ್ಬಳು ಮಾತ್ರ ಅಲ್ಲಿಲ್ಲ.

ನನ್ನ ಮದುವೆ ಗೊತ್ತಾದಾಗ ರತ್ನಗಿರಿಯಿಂದ ಯಾರ ಕೈಯಲ್ಲೋ ಒಂದು ಗಂಟು ಬಂತು. ಒಳಗೆ ಕೆಂಪು ಖಣದ ಕುಪ್ಪಸ, ಪೂರ್ತಿ ಕೈ ಹೊಲಿಗೆ. ಪ್ರತಿ ಸಾಲಿನ ಮೊದಲ ಎರಡು ಬೆರಳಗಲವನ್ನೂ ಕೊನೆಯ ಎರಡು ಬೆರಳಗಲವನ್ನೂ ಹಾಗೆಯೇ ಬಿಟ್ಟಿದ್ದಳು, ಅವ್ವನಿಗಾಗಿ. ಅವ್ವ ಸೂಜಿಗೆ ದಾರ ಪೋಣಿಸಿಕೊಂಡು ಕುಳಿತಳು. ಅಪ್ಪ ಬಾಗಿಲಲ್ಲಿ ನಿಂತು, “ಬ್ಯಾಡ. ಮಂದಿ ನೋಡಿದ್ರ ಏನಂತಾರ?” ಎಂದ. ಅವ್ವ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದುಹೋದಳು. ನಾನು ಮಿಷನ್ನಿನಲ್ಲಿ ಹೊಲಿದ ಕುಪ್ಪಸ ತೊಟ್ಟು ಹಸೆಗೆ ಕುಳಿತೆ. ಹೊನ್ನತ್ತೆ ಬರಲಿಲ್ಲ, ಕರೆದಿರಲಿಲ್ಲ. ಅವಳು ತೀರಿಕೊಂಡ ಸುದ್ದಿ ತಿಥಿ ಮುಗಿದ ಮೇಲೆ ನಮಗೆ ಮುಟ್ಟಿತು.

ಆ ಕೆಂಪು ಕುಪ್ಪಸ ನನ್ನ ಟ್ರಂಕಿನಲ್ಲಿದೆ. ಮೊನ್ನೆ ಬಿಸಿಲಿಗೆ ಹಾಕಲು ತೆಗೆದಾಗ ಸೊಸೆ ನೋಡಿ, “ಇದೇನ್ರಿ ಅತ್ತಿ, ತುದಿಯೆಲ್ಲ ಬಿಟ್ಟೈತಿ. ಕೊಡ್ರಿ, ಮಿಷನ್ನಾಗ ಒಂದ್ಸಲ ಓಡಿಸಿ ಕೊಡ್ತೀನಿ,” ಎಂದಳು. “ಬ್ಯಾಡವ್ವ, ಹಂಗ ಇರಲಿ,” ಎಂದೆ. ಆ ತುದಿಗಳನ್ನು ಹೊಲಿಯಬೇಕಾಗಿದ್ದ ಅವ್ವ ಇಲ್ಲ. ನಮ್ಮ ಯಜಮಾನರೂ ಇಲ್ಲ; ಹಳೆಯ ಲೆಕ್ಕದಲ್ಲಿ ನೋಡಿದರೆ ಈಗ ನನ್ನ ಕೈಯೂ ಹೊನ್ನತ್ತೆಯ ಕೈಯೇ. ನಡುವೆ ಹೊಲಿಯಬಹುದು, ಮೊದಲೂ ಕೊನೆಯೂ ನನ್ನದಲ್ಲ. ಸೊಸೆ ಒಳಗೆ ಹೋದ ಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ದಾರದ ತುದಿಯನ್ನು ಹುಡುಕಿ ಎಳೆಯಬೇಕೆಂದು ಕುಳಿತೆ. ಬೆರಳಿನಿಂದ ಸಾಲುಗಳನ್ನೆಲ್ಲ ಸವರಿದೆ, ಕನ್ನಡಕ ಹಾಕಿಕೊಂಡು ನೋಡಿದೆ. ಖಣ ಮಾಸಿತ್ತು, ಮಡಿಕೆಗಳಲ್ಲಿ ಎಳೆ ಸವೆದಿತ್ತು. ದಾರದ ತುದಿ ಸಿಗಲಿಲ್ಲ.